ಒಬ್ಬರು ಹತ್ತಿದರೆ ಒಬ್ಬರು

ಫೆಬ್ರವರಿ 3, ಸೋಮವಾರ. ಬೆಳಿಗ್ಗೆ 6.40

ಹಾಲು ಬಂತು. ಅತ್ತೆಗೆ ಬಿಪಿ ಮಾತ್ರೆ ಕೊಟ್ಟೆ. ಮಾನಸಾಳನ್ನು ಎರಡು ಸಲ ಎಬ್ಬಿಸಿದೆ, ಎರಡು ಸಲವೂ 'ಐದು ನಿಮಿಷ ಮಮ್ಮಿ' ಅಂದಳು. ಆ್ಯಪಿನಲ್ಲಿ ಹಡಗು ನೋಡಿದೆ. ಚೀನಾದ ಬಂದರಿನ ಹೊರಗೆ ನಿಂತಲ್ಲೇ ನಿಂತಿದೆ, ಆರು ದಿನ ಆಯಿತು. ಒಂದು ಹಸಿರು ಗುರುತು. ಅದರೊಳಗೆ ಎಲ್ಲೋ ನನ್ನ ಗಂಡ ಕೂತು ಪೈಪಿಗೆ ವೆಲ್ಡಿಂಗ್ ಹಾಕುತ್ತಿರಬೇಕು.

ಈ ಡೈರಿ ಹೋದ ವರ್ಷದ್ದು. ಅಬಿಡ್ಸ್‌ನಲ್ಲಿ ನಾನು ಕೌಂಟರಿಗೆ ಕೂರುವ ಪುಸ್ತಕದಂಗಡಿಯಲ್ಲಿ ಖರ್ಚಾಗದೆ ಉಳಿದವನ್ನು ಸೇಠ್ ನಮಗೆಲ್ಲ ಹಂಚಿದರು. ಅಚ್ಚಾದ ಶನಿವಾರ ಹೊಡೆದು ಸೋಮವಾರ ಅಂತ ಬರೆದೆ. ದಿನಾ ಹೀಗೇ ತಿದ್ದಬೇಕು. ಪುಕ್ಕಟೆ ಸಿಕ್ಕಿದ್ದಕ್ಕೆ ಅಷ್ಟು ಮಾಡಿದರೆ ತಪ್ಪಿಲ್ಲ.

ಸಂಜೆ 7.15

ಫೋನ್ ಬಂತು. ನಾಲ್ಕು ನಿಮಿಷ. ರಿಲೀವರ್ ಸಿಕ್ಕಿದ್ದಾನಂತೆ. ಮಾರ್ಚ್ ಹನ್ನೆರಡಕ್ಕೆ ಸಿಂಗಾಪುರದಲ್ಲಿ ಅವನು ಹತ್ತುತ್ತಾನೆ, ಇವರು ಇಳಿಯುತ್ತಾರೆ. ಹದಿಮೂರಕ್ಕೆ ಮನೆ.

ಹಡಗಿನ ಕೆಲಸವೇ ಹಾಗೆ. ಒಪ್ಪಂದದ ಒಂಬತ್ತು ತಿಂಗಳು ಮುಗಿದರೂ, ಇವರ ಜಾಗಕ್ಕೆ ಇನ್ನೊಬ್ಬ ಫಿಟ್ಟರ್ ಬಂದು ನಿಲ್ಲುವ ತನಕ ಇಳಿಯುವ ಹಾಗಿಲ್ಲ. ಹೋದ ಸಲ ರಿಲೀವರ್ ಸಿಗದೆ ಹತ್ತೂವರೆ ತಿಂಗಳಾಗಿತ್ತು. ಅಷ್ಟರಲ್ಲಿ ಮಾನಸಾ ಇವರ ಹೆಗಲಿಗೆ ಬಂದಿದ್ದಳು.

ಯಾರಂತೆ ಅಂತ ಕೇಳಿದೆ. ಹೈದರಾಬಾದಿನವನೇ, ಸಾಯಿಕುಮಾರ ಅಂದರು. ಲೈನ್ ಹೋಯಿತು.

ಸಾಯಿಕುಮಾರ... ನಮ್ಮ ಸ್ನೇಹಲತಾಳ ಗಂಡ. ಸ್ನೇಹಾ ಏಳು ತಿಂಗಳ ಬಸುರಿ.

ಕುಣಿಯುತ್ತಿದ್ದವಳು ಕೂತುಬಿಟ್ಟೆ. ಸ್ವಲ್ಪ ಹೊತ್ತು, ಅಷ್ಟೇ. ಆಮೇಲೆ ಎದ್ದು ಶಾವಿಗೆ ಪಾಯಸ ಮಾಡಿದೆ. ಅತ್ತೆ ಯಾಕೆ ಅಂದರು, ಹೇಳಿದೆ. ಬರುವ ತನಕ ಯಾರಿಗೂ ಹೇಳಬೇಡ, ದೃಷ್ಟಿಯಾಗುತ್ತದೆ ಅಂತ ಬೈದು, ಎರಡು ಬಟ್ಟಲು ಕುಡಿದರು.

ಫೆಬ್ರವರಿ 8, ಎರಡನೇ ಶನಿವಾರ

ಮೆಹದಿಪಟ್ಟಣಂಗೆ ಹೋಗಿ ಬಂದೆ, ಸುಂದರಾಬಾಯಿ ಮಾವಶಿ ಮನೆಗೆ. ನಮಗೆಲ್ಲ ಚಿಕ್ಕಮ್ಮನ ಹಾಗೆ ಅವರು. ತಿಂಗಳಿಗೊಮ್ಮೆ ಹಡಗಿನವರ ಹೆಂಡಂದಿರೆಲ್ಲ ಅಲ್ಲಿ ಸೇರುತ್ತೇವೆ. ಒಂಬತ್ತು ಜನ. ತೆಲುಗಿನವರು, ಮರಾಠಿಯವರು, ಕನ್ನಡದವರು ಮೂರು ಮಂದಿ. ಮಾವಶಿಯ ಯಜಮಾನರು ಹಣಮಂತರಾಯರು ಮೂವತ್ತು ವರ್ಷ ಹಡಗಿನಲ್ಲಿ ಖಲಾಸಿಗಳ ಮೇಸ್ತ್ರಿಯಾಗಿದ್ದು ರಿಟೈರ್ ಆದವರು. ನಾವು ಹೋದ ಕೂಡಲೇ ಪೇಪರ್ ಹಿಡಿದು ಒಳಕೋಣೆ ಸೇರುತ್ತಾರೆ.

ಸಮುದ್ರವೇ ಇಲ್ಲದ ಊರಲ್ಲಿ ಹಡಗಿನವರ ಹೆಂಡತಿಯಾಗಿರುವುದು ದೊಡ್ಡ ಫಜೀತಿ. ಇಲ್ಲಿ ಸನತ್‌ನಗರದಲ್ಲಿ ನಮ್ಮ ಪಕ್ಕದ ಮನೆಯಾಕೆ, ಇವರು ಹುಸೇನ್ ಸಾಗರದಲ್ಲಿ ಬೋಟು ಓಡಿಸುತ್ತಾರೆ ಅಂತಲೇ ತಿಳಿದಿದ್ದಾಳೆ. ಹಾಗಾದರೆ ಮನೆಗೆ ಯಾಕೆ ಬರುವುದಿಲ್ಲ ಅಂತ ಅನುಮಾನ ಬೇರೆ. ಮಾವಶಿ ಮನೆಯಲ್ಲಿ ಮಾತ್ರ ಏನೂ ಬಿಡಿಸಿ ಹೇಳಬೇಕಾಗಿಲ್ಲ. ಫೋನ್ ಬಂದು ಎಷ್ಟು ದಿನವಾಯಿತು ಅಂತ ಮುಖ ನೋಡಿಯೇ ಹೇಳುತ್ತಾರೆ. ಆಸ್ಪತ್ರೆಗೆ, ಸ್ಕೂಲಿಗೆ, ಬ್ಯಾಂಕಿಗೆ — ಯಾರಿಗೆ ಯಾರು ಜೊತೆ ಹೋಗಬೇಕು ಅಂತ ಪಾಳಿ ಹಾಕುತ್ತಾರೆ.

ಮಾವಶಿಯ ಕಟ್ಟುಪಾಡು ಒಂದಿದೆ. ಯಾರ ಜಾಗಕ್ಕೆ ಯಾರ ಗಂಡ ಹೋಗುತ್ತಾನೆ ಅನ್ನುವ ಮಾತು ಎತ್ತಬಾರದು. ಹಿಂದೊಮ್ಮೆ ಅದೇ ಮಾತಿಗೆ ಇಬ್ಬರು ಜಡೆಗೆ ಕೈ ಹಾಕಿದ್ದರಂತೆ. ಹತ್ತುವವನು ಹೊರಟು ಹೋದ ಮೇಲೆ ಇಳಿಯುವವನ ಹೆಂಡತಿ ಬಂದು ಅವನ ಹೆಂಡತಿಗೆ ಉಡಿ ತುಂಬಬೇಕು. ಅಕ್ಕಿ, ಕೊಬ್ಬರಿ ಬಟ್ಟಲು, ರವಿಕೆಯ ಖಣ. ಅಲ್ಲಿಯ ತನಕ ಇಬ್ಬರದೂ ಬಾಯಿ ಬಂದ್.

ಸ್ನೇಹಾ ಬಂದಿದ್ದಳು. ಪಾದ ಬಾತಿದೆ. ಎರಡು ಸಲ ನನ್ನ ಕಡೆ ನೋಡಿದಳು. ನಾನು ಚಹಾ ಮಾಡುತ್ತೇನೆ ಅಂತ ಎದ್ದು ಹೋದೆ.

ಇದು ಅವಳ ಎರಡನೆಯದು. ಎರಡು ವರ್ಷದ ಹಿಂದೆ ಮೊದಲನೆಯದು ಏಳು ತಿಂಗಳಿಗೇ ಹುಟ್ಟಿ ಉಳಿಯಲಿಲ್ಲ. ಸಾಯಿಕುಮಾರ ಆಗ ನಡುಸಮುದ್ರದಲ್ಲಿದ್ದ, ಅವನಿಗೆ ತಿಳಿದದ್ದು ನಾಲ್ಕು ದಿನ ಬಿಟ್ಟು. ಅವತ್ತು ಆಸ್ಪತ್ರೆಯ ಪಾಳಿ ನನ್ನದು. ನರ್ಸ್ ಆ ಕೂಸನ್ನು ಬಟ್ಟೆಯಲ್ಲಿ ಸುತ್ತಿ ತಂದಾಗ ಕೈಚಾಚಿದವಳು ನಾನು. ಇದನ್ನು ಇವತ್ತು ಯಾಕೆ ಬರೆದೆನೋ.

ಫೆಬ್ರವರಿ 16, ಭಾನುವಾರ

ಸ್ನೇಹಾ ಮನೆಗೆ ಬಂದಿದ್ದಳು. ಒಬ್ಬಳೇ, ಆಟೋದಲ್ಲಿ, ಅಷ್ಟು ದೂರ. ಕೈಯಲ್ಲಿ ಶೇಂಗಾ ಹೋಳಿಗೆ ಡಬ್ಬಿ. ಅತ್ತೆಯನ್ನು ಮಾತಾಡಿಸಿದಳು. ಮಾನಸಾಳ ಪರೀಕ್ಷೆ ಕೇಳಿದಳು. ಆಮೇಲೆ ನಿಧಾನಕ್ಕೆ —

"ಇವರಿಗೆ ಕಂಪನಿ ಕಡಿಂದ ಕರೆ ಬಂದೈತ್ರಿ ಅಕ್ಕಾ. ಮಾರ್ಚ್‌ನಾಗ. ಏನ್ ಮಾಡ್ಲಿ, ನೀವ ಹೇಳ್ರಿ."

ಯಾವ ಹಡಗು ಅಂತ ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ. ಅವಳಿಗೆ ಗೊತ್ತಿಲ್ಲ ಅಂದುಕೊಂಡೆ. ಆಮೇಲೆ ಶುರು ಮಾಡಿದೆ ನೋಡು ಭಾಷಣ. ಗಂಡಸರು ಮನೆಯಲ್ಲಿ ಕೂತರೆ ಹೆರಿಗೆ ಸುಸೂತ್ರ ಆಗುತ್ತದೆ ಅಂತ ಎಲ್ಲೂ ಬರೆದಿಲ್ಲ ಅಂದೆ. ಈಗ ಬಿಟ್ಟರೆ ಕಂಪನಿಯವರು ಮತ್ತೆ ಬೇಗ ಕರೆಯುವುದಿಲ್ಲ ಅಂದೆ. ನಾವೆಲ್ಲ ಇದ್ದೇವಲ್ಲ, ಮಾವಶಿ ಇದ್ದಾರೆ, ನಾನು ರಜೆ ಹಾಕುತ್ತೇನೆ ಅಂದೆ. ಒಂಬತ್ತು ತಿಂಗಳು ಹೀಗೆ ಅನ್ನುವಷ್ಟರಲ್ಲಿ ಓಡುತ್ತದೆ ಅಂತಲೂ ಅಂದೆ. ಎಂಟು ತಿಂಗಳಿಂದ ದಿನಕ್ಕೆ ಇಪ್ಪತ್ತು ಸಲ ಹಸಿರು ಗುರುತು ನೋಡುವವಳು ನಾನು, ಹಾಗಂದೆ.

ಹೂಂ ಅಕ್ಕಾ, ಹೂಂ ಅಕ್ಕಾ ಅನ್ನುತ್ತ ಎಲ್ಲ ಕೇಳಿದಳು. ನೀರು ಕುಡಿದು ಹೋದಳು. ಆಟೋ ತನಕ ಬಿಟ್ಟು ಬಂದೆ.

ಹೇಳಿದ್ದರಲ್ಲಿ ಒಂದೂ ಸುಳ್ಳಿಲ್ಲ. ಆದರೂ ಸುಳ್ಳು ಹೇಳಿದ ಹಾಗಾಗಿದೆ.

ಫೆಬ್ರವರಿ 17, ಸೋಮವಾರ

ಹೋಳಿಗೆ ನಾನು ಮುಟ್ಟಲಿಲ್ಲ. ಮಾನಸಾ ತಿಂದಳು, ಡಬ್ಬಿ ತೊಳೆದು ಇಟ್ಟೆ.

ಫೆಬ್ರವರಿ 26, ಶಿವರಾತ್ರಿ

ಇನ್ನು ಹದಿನೈದು ದಿನ. ಉಪವಾಸ. ಅಂಗಡಿಗೆ ರಜೆ. ಇವರ ಅಂಗಿಗಳನ್ನೆಲ್ಲ ತೆಗೆದು ಬಿಸಿಲಿಗೆ ಹಾಕಿದೆ. ತಲೆಗೆ ಬಣ್ಣ ಹಚ್ಚಿಕೊಂಡೆ. ಅತ್ತೆ ನೋಡಿಯೂ ನೋಡದ ಹಾಗೆ ಇದ್ದರು, ಪಾಪ.

ಮನೆಗೆ ಬಂದರೆ ಇವರಿಗೆ ಒಂದು ವಾರ ನಿದ್ದೆ ಬರುವುದಿಲ್ಲ. ಎಂಜಿನ್ ಸದ್ದು ಬೇಕು. ಜನವರಿ ಚಳಿಯಲ್ಲೂ ಟೇಬಲ್ ಫ್ಯಾನ್ ಗೋಡೆಗೆ ಮುಖ ಮಾಡಿ ಹಚ್ಚಿಡುತ್ತಾರೆ. ಆ ಫ್ಯಾನು ಗೊರಗೊರ ಅನ್ನುತ್ತದೆ, ಇವರೂ ಗೊರಗೊರ ಅನ್ನುತ್ತಾರೆ, ನಡುವೆ ನಾನು. ಬೈದು ಬೈದು ಸಾಕಾಗುತ್ತಿತ್ತು. ಇವತ್ತು ಮಧ್ಯಾಹ್ನ ನಾನೇ ಆ ಫ್ಯಾನ್ ಹಚ್ಚಿಕೊಂಡು ಮಲಗಿದೆ.

ಸ್ನೇಹಾಳ ಕಡೆ ಕಾರಣವಿದೆ. ಬಸುರಿ, ಒಮ್ಮೆ ಕಳೆದುಕೊಂಡವಳು. ನನ್ನ ಕಡೆ ಏನಿದೆ? ಅತ್ತೆಗೆ ಹುಷಾರಿಲ್ಲವೇ, ಹುಷಾರಾಗೇ ಇದ್ದಾರೆ. ಮಗಳು ಕೆಟ್ಟಿದ್ದಾಳೆಯೇ, ಇಲ್ಲ. ನನಗೆ ಇವರು ಬೇಕು, ಅಷ್ಟೇ. ಎದುರಿಗೆ ಕೂತು ರೊಟ್ಟಿ ಮುರಿಯಬೇಕು. ಬಚ್ಚಲಲ್ಲಿ ಟವೆಲ್ ಮರೆತು ನನ್ನನ್ನು ಕೂಗಬೇಕು. ಮದುವೆಯಾಗಿ ಹದಿನಾರು ವರ್ಷ, ಅದರಲ್ಲಿ ಜೊತೆಗಿದ್ದದ್ದು ಐದು ವರ್ಷ ಆದರೆ ಹೆಚ್ಚು. ಇದನ್ನು ಯಾರೂ ಕಾರಣ ಅನ್ನುವುದಿಲ್ಲ. ನಲವತ್ತರ ಹತ್ತಿರ ಬಂದವಳಿಗೆ ಇದೇನು ಅಂತಾರೆ.

ಮಾರ್ಚ್ 1, ಶನಿವಾರ

ಮಾವಶಿ ಫೋನು. ಸ್ನೇಹಾಗೆ ಬಿಪಿ ಏರಿದೆ. ಮಂಚ ಬಿಟ್ಟು ಇಳಿಯಬೇಡ ಅಂದಿದ್ದಾರಂತೆ ಡಾಕ್ಟರು. ಸಾಯಿಕುಮಾರನಿಗೆ ಹತ್ತನೇ ತಾರೀಖಿಗೆ ಟಿಕೆಟ್ ಬಂದಿದೆಯಂತೆ. ಏಪ್ರಿಲ್ ಪಾಳಿಗೆ ನಿನ್ನ ಹೆಸರು ಬರೆಯಲೇ ಅಂತ ಕೇಳಿದರು. ಬರೆಯಿರಿ ಅಂದೆ. ಬೇರೇನೂ ಕೇಳಲಿಲ್ಲ ಮಾವಶಿ. ಕೇಳಿದ್ದರೆ ಚೆನ್ನಾಗಿತ್ತು, ಜಗಳವನ್ನಾದರೂ ಆಡುತ್ತಿದ್ದೆ.

ಮಾರ್ಚ್ 3, ಸೋಮವಾರ. ಸಂಜೆ

ನನಗೆ ಜ್ವರ ಅಂತ ಸೇಠ್‌ಗೆ ಹೇಳಿ ಮೆಹದಿಪಟ್ಟಣಂ ಬಸ್ ಹತ್ತಿದೆ. ಸ್ನೇಹಾಳ ಮನೆಯೂ ಅಲ್ಲೇ. ಸ್ನೇಹಾ ಒಬ್ಬಳೇ ಇದ್ದಳು, ಎಡ ಮಗ್ಗುಲಾಗಿ ಮಲಗಿ. ಸಾಯಿಕುಮಾರ ಏಜೆಂಟರ ಆಫೀಸಿಗೆ ಹೋಗಿದ್ದಾನೆ ಅಂದಳು. ಟಿಕೆಟ್ ಕೆಲಸ ಇರಬೇಕು ಅಂದುಕೊಂಡೆ. ಕೂತೆ. ಮಾವಶಿಯ ಕಟ್ಟುಪಾಡು ಮುರಿದೆ.

"ಸ್ನೇಹಾ, ನಿನ್ನ ಗಂಡ ಹೊಂಟಿರೋದು ಯಾರ ಜಾಗಕ್ಕ, ಗೊತ್ತೈತೇನು?"

"ಗೊತ್ತೈತ್ರಿ ಅಕ್ಕಾ. ಮೊದಲನೇ ದಿನದಿಂದಾನ ಗೊತ್ತು."

"ಮತ್ತ ನನ್ನ ಹತ್ರ ಯಾಕ ಬಂದಿದ್ದಿ ಕೇಳಾಕ?"

ಅವಳು ಗೋಡೆ ನೋಡುತ್ತಾ ಹೇಳಿದಳು. "ಸಲಹಾ ಕೇಳಾಕ ಬಂದಿದ್ದಿಲ್ರಿ. ಇವರನ್ನ ಬಿಡಿಸ್ಕೊಳ್ಳಲೇನು ಅಂತ ನಿಮ್ಮನ್ನ ಕೇಳಾಕ ಬಂದಿದ್ದೆ. ಬಾಯಿಬಿಟ್ಟು ಅನ್ನೂ ಹಂಗಿಲ್ಲಲ್ರಿ. ನೀವು ಹೋಗಲಿ ಅಂದ್ರಿ. ನನ್ನ ಮೊದಲ್ನೇ ಕೂಸಿಗೆ ಕೈ ಚಾಚಿದವರು ನೀವು. ನಿಮಗ ಹೆಂಗ ಇಲ್ಲ ಅನ್ಲಿ?"

ಭಾಷಣ ಮಾಡಿದ್ದೆನಲ್ಲ, ಆ ಇಡೀ ಭಾಷಣವನ್ನು ಅವಳು ಬೇಡಿಕೊಂಡದ್ದಕ್ಕೆ ಉತ್ತರ ಅಂತ ಕೇಳಿಸಿಕೊಂಡು ಹೋಗಿದ್ದಳು. ನೀರು ಕುಡಿದು, ಸುಮ್ಮನೆ. ನನಗೆ ಅಳು ಬಂತು, ನಾಚಿಕೆಗೆ.

"ಅವ ಹೋಗೋದು ಬ್ಯಾಡ. ಇಲ್ಲೇ ಇರ್ಲಿ," ಅಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ, ಇನ್ನೊಂದು ಸಲ ಅಂದೆ.

ಬಸ್ ಸ್ಟ್ಯಾಂಡಿನಲ್ಲಿ ಸನತ್‌ನಗರದ ಮೂರು ಬಸ್ ಬಿಟ್ಟೆ. ವಾಪಸ್ ಹೋಗಿ, ಇಲ್ಲ, ತಪ್ಪಿ ಅಂದೆ ಅಂತ ಹೇಳಬೇಕು ಅನ್ನಿಸುತ್ತಿತ್ತು. ಮಾವಶಿಗೆ ಅಷ್ಟರಲ್ಲೇ ಸುದ್ದಿ ಮುಟ್ಟಿ, ಫೋನ್ ಮಾಡಿ ದೊಡ್ಡ ಮನಸ್ಸು ನಿಂದು ಅಂದರು. ದೊಡ್ಡದೂ ಇಲ್ಲ ಸಣ್ಣದೂ ಇಲ್ಲ. ಮೂಗು ಹಿಡಿದು ಕಷಾಯ ಕುಡಿದಿದ್ದೇನೆ, ಇನ್ನೂ ಬಾಯೆಲ್ಲ ಕಹಿ.

ಮಾರ್ಚ್ 6, ಗುರುವಾರ

ಸಾಯಿಕುಮಾರ ಹೋಗುವುದಿಲ್ಲ ಅಂತ ಪಕ್ಕಾ ಆಯಿತು. ಬೇರೆ ಫಿಟ್ಟರ್ ಇಷ್ಟು ಬೇಗ ಸಿಗುವುದಿಲ್ಲ. ಹಡಗು ಸಿಂಗಾಪುರ ಬಿಟ್ಟು ಬ್ರೆಜಿಲಿಗೆ ಹೋಗುತ್ತದೆ. ಅಲ್ಲಿ ಅದಿರು ತುಂಬಿಕೊಂಡು ಮತ್ತೆ ಸಿಂಗಾಪುರಕ್ಕೆ ಬರುವ ಹೊತ್ತಿಗೆ ಮೇ ಕೊನೆ.

ಇವರಿಗೆ ಯಾರು ಹೇಳುವುದು? ರಿಲೀವರ್ ಕೈ ಕೊಟ್ಟ ಅಂತ ಬೈಯುತ್ತಾರೆ. ಬೈಯಲಿ. ಕೈ ಕೊಟ್ಟವಳು ನಾನೇ ಅಂತ ಹೇಗೆ ಹೇಳಲಿ... ಒಂಬತ್ತು ತಿಂಗಳು ಬೆಂಕಿಯ ಮುಂದೆ ಕೂತ ಮನುಷ್ಯನನ್ನು ಕೇಳದೆ, ಇನ್ನೂ ಎರಡೂವರೆ ತಿಂಗಳು ಕೂತಿರಿ ಅಂತ ಇಲ್ಲಿಂದಲೇ ತೀರ್ಮಾನ ಮಾಡಿದೆ. ಯಾವ ಅಧಿಕಾರ ನನಗೆ.

ಮಾರ್ಚ್ 8, ಎರಡನೇ ಶನಿವಾರ

ಹೋಗಲಿಲ್ಲ. ನೆಗಡಿ ಅಂದೆ.

ಮಾರ್ಚ್ 12, ಬುಧವಾರ. ಮಧ್ಯಾಹ್ನ 1.30

ಸಿಂಗಾಪುರದಿಂದ ವಿಡಿಯೊ ಕಾಲ್. ಅಂಗಡಿಯ ಹಿಂದೆ, ಗೋದಾಮಿನಲ್ಲಿ ನಿಂತು ಮಾತಾಡಿದೆ. ಕಟಿಂಗ್ ಮಾಡಿಸಿಕೊಂಡಿದ್ದಾರೆ, ಕಿವಿ ದೊಡ್ಡದಾಗಿ ಕಾಣುತ್ತವೆ. ಕೆನ್ನೆ ಒಳಗೆ ಹೋಗಿವೆ. ನಾನು ಹೇಳಬೇಕು ಅಂತ ಬಾಯಿ ತೆರೆದೆ, ಇವರೇ ಮೊದಲು ಹೇಳಿದರು.

"ಶೈಲಾ, ಒಂದ್ ಮಾತ್ ಹೇಳ್ತೀನಿ, ಸಿಟ್ಟಾಗಬ್ಯಾಡ. ಸಾಯಿಕುಮಾರ ನನಗ ಫೆಬ್ರವರಿ ಇಪ್ಪತ್ತೆಂಟಕ್ಕ ಬರದಿದ್ದ. ಅಣ್ಣಾ, ಹೆಂಡ್ತಿಗಿ ಬಿಪಿ ಐತಿ, ನೀವು ನಿಲ್ತೀನಿ ಅಂತ ಸಹಿ ಮಾಡಿಕೊಟ್ರ ಕಂಪನಿಯವರು ನನ್ನ ಬಿಡ್ತಾರ ಅಂತ. ಮಾಡಿಕೊಟ್ಟೆ. ನಿನಗ ಹೇಳಾಕ ಹೆದರಿಕಿ ಆಗಿತ್ತು."

ಇಪ್ಪತ್ತೆಂಟು. ನಾನು ಮೆಹದಿಪಟ್ಟಣಂಗೆ ಹೋದದ್ದು ಮೂರಕ್ಕೆ. ಅವತ್ತು ಸಾಯಿಕುಮಾರ ಏಜೆಂಟರ ಹತ್ತಿರ ಹೋಗಿದ್ದು ಇದಕ್ಕೇ, ಹೆಂಡತಿಗೂ ಹೇಳದೆ. ನಾನು ಒದ್ದಾಡಿ ಒದ್ದಾಡಿ ಬಿಟ್ಟುಕೊಟ್ಟದ್ದು ಅದಾಗಲೇ ಹೋಗಿ ಮೂರು ದಿನ ಆಗಿತ್ತು.

ನಗಬೇಕಿತ್ತು. ನಾನೂ ಅದನ್ನೇ ಮಾಡಿದೆ ರೀ ಅನ್ನಬೇಕಿತ್ತು. ಅದರ ಬದಲು ಎಷ್ಟು ಹೊತ್ತು ಯೋಚನೆ ಮಾಡಿದಿರಿ ಅಂತ ಕೇಳಿದೆ.

"ಅದರಾಗ ಯೋಚನೆ ಏನೈತಿ? ಕೂಸಿನ ಮಾತು. ಮೆಸೇಜ್ ಓದಿದೆ, ಹೋಗಿ ಸಹಿ ಮಾಡಿದೆ."

ನಾನು ಒಂದು ತಿಂಗಳು ಇವರನ್ನು ಬಿಡದೆ ಹಿಡಿದಿಟ್ಟುಕೊಂಡೆ. ಇವರು ಓದಿದರಂತೆ, ಹೋಗಿ ಸಹಿ ಮಾಡಿದರಂತೆ. ನಾನು ಬಿಟ್ಟುಕೊಡಬಹುದು, ನನ್ನ ಸಂಕಟ ನನಗೆ ಗೊತ್ತು. ಇವರು ನನ್ನನ್ನು ಅಷ್ಟು ಸಲೀಸಾಗಿ ಹೇಗೆ ಬಿಟ್ಟುಕೊಟ್ಟರು? ಇದು ನ್ಯಾಯವಾದ ಸಿಟ್ಟಲ್ಲ, ಗೊತ್ತು. ಆದರೂ ಮೈಯೆಲ್ಲ ಉರಿಯಿತು. ಫೋನ್ ಇಟ್ಟುಬಿಟ್ಟೆ.

ಸಂಜೆ 6

ಸಿಟ್ಟು ಇಳಿದ ಮೇಲೆ ಫೋನ್ ಮಾಡಿದೆ. ಹತ್ತುತ್ತಿಲ್ಲ. ಹಸಿರು ಗುರುತು ಬಂದರು ಬಿಟ್ಟು ಹೊರಟಿದೆ. ಇನ್ನು ಒಂದು ತಿಂಗಳು ಬರೀ ನೀರು, ನೆಟ್‌ವರ್ಕ್ ಇಲ್ಲ.

ಮಾರ್ಚ್ 13, ಗುರುವಾರ

ಇವತ್ತು ಬರಬೇಕಿತ್ತು. ಅಕ್ಕಿ ಮುಗಿದಿದೆ. ಗ್ಯಾಸ್ ಬುಕ್ ಮಾಡಿದೆ.

ಮಾರ್ಚ್ 30, ಯುಗಾದಿ

ಬೇವು ಬೆಲ್ಲ ಕೊಟ್ಟಾಗ ಮಾನಸಾ ಕೇಳಿದಳು, ಪಪ್ಪನ ಜೊತೆ ಜಗಳ ಆಡಿದೀಯಾ ಅಂತ. ಇಲ್ಲ ಅಂದೆ. ಹಾಗಾದರೆ ದಿನಾ ಮೆಸೇಜ್ ಹಾಕಿ ಹಾಕಿ ಯಾಕೆ ಅಳಿಸುತ್ತೀ ಅಂದಳು. ಎಂಟನೇ ಕ್ಲಾಸಿನವಳಿಗೆ ಇಷ್ಟು ಕಣ್ಣು ಇರಬಾರದು.

ಹಡಗಿನ ಇಮೇಲಿಗೆ ಬರೆಯಬಹುದು. ಅದು ಕ್ಯಾಪ್ಟನ್ ಕೈಗೆ ಬಂದು, ಆಮೇಲೆ ಇವರಿಗೆ. ನಮ್ಮ ಜಗಳ ಕ್ಯಾಪ್ಟನ್ ಯಾಕೆ ಓದಬೇಕು. ಆ್ಯಪಿನಲ್ಲೂ ಗುರುತು ಆಫ್ರಿಕಾದ ಕೆಳಗೆ ನಿಂತುಬಿಟ್ಟಿದೆ, ನಾಲ್ಕು ದಿನದ ಹಿಂದಿನದು. ಈಗ ಎಲ್ಲಿದ್ದಾರೋ. ಅಂಗಿಗಳನ್ನು ಮತ್ತೆ ಟ್ರಂಕಿಗೆ ಹಾಕಿದೆ, ಒಂದನ್ನು ಬಿಟ್ಟು.

ಏಪ್ರಿಲ್ 9, ಬುಧವಾರ

ಹೆಣ್ಣು. ಬೆಳಿಗ್ಗೆ 8.20. ಎರಡು ಕೆಜಿ ನಾನೂರು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ.

ಪಾಳಿ ನನ್ನದು ಮತ್ತು ಮಾವಶಿಯದು. ಬಾಗಿಲು ತೆರೆದು ನರ್ಸ್ ಬಂದಾಗ ನನ್ನ ಕೈ ತಾನಾಗಿ ಮುಂದೆ ಹೋಯಿತು. ಆಮೇಲೆ ಹಿಂದೆ ಸರಿದೆ. ಸಾಯಿಕುಮಾರ ತೊಗೊಂಡ. ಹಿಡಿಯಲು ಬರುವುದಿಲ್ಲ ಅವನಿಗೆ, ವೆಲ್ಡಿಂಗ್ ರಾಡ್ ಹಿಡಿದ ಹಾಗೆ ದೂರ ಹಿಡಿದುಕೊಂಡ. ಮಾವಶಿ ಬೈದು ಸರಿ ಮಾಡಿದರು. ಕೂಸಿನ ಮುಖ ನೋಡುತ್ತ ನಿಂತವನು ನಿಂತೇ ಇದ್ದ. ಅವನನ್ನು ನೋಡಿ ಸಂತೋಷವಾಯಿತು, ಹೊಟ್ಟೆಯೂ ಉರಿಯಿತು. ಎರಡೂ ಬರೆದಿಡುತ್ತೇನೆ.

ಹೊರಡುವಾಗ ಬಾಗಿಲ ತನಕ ಬಂದ. ಇವರಿಗೆ, ಅಂದರೆ ಅವನ ಹುಲಗೇಶಣ್ಣನಿಗೆ, ಹಡಗಿನ ಇಮೇಲಿಗೆ ಸುದ್ದಿ ಬರೆದಿದ್ದಾನಂತೆ. ಹೆಣ್ಣು ಮಗು ಅಂತ. ಜೊತೆಗೆ, ಅಕ್ಕನೂ ತಾವಾಗಿಯೇ ಬಂದು ಒಪ್ಪಿದ್ದರು, ಸ್ನೇಹಾ ಹೇಳಿದಳು ಅಂತಲೂ ಬರೆದನಂತೆ. ಒಳ್ಳೆಯದಾಗಲಿ ಅಂತಲೇ ಬರೆದಿದ್ದಾನೆ ಪಾಪದವನು.

ಇವರಿಗೆ ಈಗ ಗೊತ್ತು. ನಾನೂ ಬಿಟ್ಟುಕೊಟ್ಟಿದ್ದೆ, ಬಿಟ್ಟುಕೊಟ್ಟು, ಇವರು ಬಿಟ್ಟುಕೊಟ್ಟದ್ದಕ್ಕೆ ಮುಖಕ್ಕೆ ಹೊಡೆದ ಹಾಗೆ ಫೋನ್ ಇಟ್ಟಿದ್ದೆ ಅಂತ. ಏನಂದುಕೊಂಡಿರಬಹುದು.

ಏಪ್ರಿಲ್ 11, ಶುಕ್ರವಾರ

ಏನೂ ಇಲ್ಲ.

ಏಪ್ರಿಲ್ 13, ಭಾನುವಾರ. ಮಧ್ಯಾಹ್ನ 3.40

ಈಗಷ್ಟೇ ಇವರ ಫೋನ್. ಉದ್ದ ನಂಬರ್, ಹಡಗಿನ ಸ್ಯಾಟಲೈಟ್ ಫೋನು. ಕ್ಯಾಪ್ಟನ್ ಐದು ನಿಮಿಷ ಕೊಟ್ಟಿದ್ದಾರೆ ಅಂದರು. ಊಟ ಆಯಿತಾ ಅಂದರು. ಅವ್ವ ಹೇಗಿದ್ದಾಳೆ ಅಂದರು. ನಾವು ಮಾತಾಡಿದ್ದು ಆ ಕಡೆ ಮುಟ್ಟಿ ವಾಪಸ್ ಬರಲು ಹೊತ್ತು ಹಿಡಿಯುತ್ತದೆ, ನಡುವೆ ಬರೀ ಸುಂಯ್ ಅನ್ನುವ ಸದ್ದು.

"ನೀನೂ ಹೂಂ ಅಂದಿದ್ದಿಯಂತ?"

ಹೂಂ ಅಂದೆ. ಸದ್ದು. ಲೈನ್ ಹೋಯಿತೇನೋ ಅಂದುಕೊಂಡೆ.

"ನಂದಂದ್ರ ಬ್ಯಾರೆ ಮಾತು ಶೈಲಾ. ಗಂಡಸರು, ಕೆಲಸದಾಗ ದಿನ ಹೋಗ್ತಾವು. ನೀ ಹೆಂಗ ಬಿಟ್ಟುಕೊಟ್ಟಿ ನನ್ನ?"

ಸಿಟ್ಟಿನಿಂದ ಕೇಳಿದರು. ತಮಾಷೆಯ ಸಿಟ್ಟಲ್ಲ, ನಿಜವಾದದ್ದು. ನಾಲ್ಕು ದಿನದಿಂದ ಒಳಗೇ ಇಟ್ಟುಕೊಂಡಿದ್ದರು ಅಂತ ಕಾಣುತ್ತದೆ. ನನಗೆ ಎಷ್ಟು ಸಂತೋಷವಾಯಿತು ಅಂದರೆ ಅಡುಗೆಮನೆಯ ಕಟ್ಟೆ ಹಿಡಿದು ನಿಂತೆ. ಹದಿನಾರು ವರ್ಷದಲ್ಲಿ ಇವರು ನನ್ನ ಮೇಲೆ ಇಷ್ಟು ಸಿಟ್ಟಾದದ್ದು ಇದೇ ಮೊದಲು.

"ಒಂದು ತಿಂಗಳು ಬಿಡ್ಲಿಲ್ರೀ," ಅಂದೆ. "ಬಸುರಿ ಮನಿತನಕ ಬಂದು ಕೇಳಿದ್ರೂ ಬಿಡ್ಲಿಲ್ಲ. ನಾ ಭಾಳ ಕೆಟ್ಟಾಕಿ."

ಸದ್ದು. ಅದು ನಗುವೋ ಅಳುವೋ, ಅಷ್ಟು ನೀರಿನ ಆಚೆಯಿಂದ ತಿಳಿಯಲಿಲ್ಲ. ಆಮೇಲೆ, "ಹಂಗಾರ ಕೇಳು. ಅವತ್ತ ಸಹಿ ಮಾಡಿ ಬಂದು ನಾ—"

ಹೋಯಿತು. ಐದು ನಿಮಿಷ ಆಗಿಹೋಯಿತೋ, ಸಿಗ್ನಲ್ಲೇ ಹೋಯಿತೋ. ಬಂದು ಏನು ಮಾಡಿದರು? ಮಾನಸಾ ಚಾರ್ಜರ್ ಹಾಕಿ ಕೊಟ್ಟಳು. ಫೋನನ್ನು ಎದುರಿಗೇ ಇಟ್ಟುಕೊಂಡು ಬರೆಯುತ್ತಿದ್ದೇನೆ. ಕ್ಯಾಪ್ಟನ್ ಒಳ್ಳೆಯವರಂತೆ, ಇನ್ನೆರಡು ನಿಮಿಷ ಕೊಟ್ಟರೂ ಕೊಡಬಹುದು. ಬಂದು ಏನು ಮಾಡಿದರೋ ಅದೊಂದು ಹೇಳಿದರೆ ಸಾಕು, ಮೇ ಕೊನೆ ತನಕ ನಾನು

ಬಂತು